ಹೀತ್‌ಕ್ಲಿಫ್ ಹುಟ್ಟಿನಿಂದಲೇ ಕ್ರೂರಿನಾ?

ಪ್ರಶ್ನೆ: ಎಮಿಲಿ ಬ್ರಾಂಟೆಯ 1847ರ ಕಾದಂಬರಿ ‘ವುದರಿಂಗ್ ಹೈಟ್ಸ್’ ಈಗಷ್ಟೇ ಓದಿ ಮುಗಿಸಿದೆ. ಅದರ ನಾಯಕ ಹೀತ್‌ಕ್ಲಿಫ್ ಅಷ್ಟೊಂದು ಕ್ರೂರಿಯಾಗಿದ್ದು ಅವನ ಸ್ವಭಾವದಿಂದಲೋ, ಅವನು ಬೆಳೆದ ಮನೆಯವರಿಂದಲೋ?

ಉತ್ತರ 1: ಮನೆಯವರ ಪಾಲೇ ಜಾಸ್ತಿ. ಬೀದಿಯಲ್ಲಿ ಸಿಕ್ಕ ಅವನನ್ನು ತಂದು ಸಾಕಿದ ಯಜಮಾನ ಸತ್ತ ಮೇಲೆ, ಮಗ ಹಿಂಡ್ಲಿ ಅವನ ಓದು ಬಿಡಿಸಿ ಆಳಿನ ಹಾಗೆ ಹೊಲದಲ್ಲಿ ದುಡಿಸುತ್ತಾನೆ. ಮುಂದೆ ಅದೇ ಹಿಂಡ್ಲಿಯ ಮಗ ಹೇರ್ಟನ್‌ನನ್ನು ಹೀತ್‌ಕ್ಲಿಫ್ ಓದು ಬರಹ ಕಲಿಸದೆ ಬೆಳೆಸುತ್ತಾನೆ, ಗಮನಿಸಿದ್ರಾ?

ಉತ್ತರ 2: ಪೂರ್ತಿ ಒಪ್ಪಲ್ಲ. ಹೇರ್ಟನ್ ಕೂಡ ಅವಮಾನದಲ್ಲೇ ಬೆಳೆದವನು, ಆದರೂ ಅವನ ಮನಸ್ಸು ಕೆಡಲಿಲ್ಲ ಅಲ್ವಾ?

ಉತ್ತರ 3: ಹೀತ್‌ಕ್ಲಿಫ್ ಪ್ರೀತಿಸಿದ, ಹಿಂಡ್ಲಿಯ ತಂಗಿ ಕ್ಯಾಥರೀನ್‌ಳನ್ನು ಸುಮ್ನೆ ಬಿಟ್ಟುಬಿಟ್ಟಿರಲ್ಲ! ಅವನನ್ನು ಮದುವೆಯಾದರೆ ತನ್ನ ಮಾನ ಹೋಗುತ್ತದೆ ಅನ್ನುತ್ತಾಳೆ. ತಾನು ಮದುವೆಯಾಗುವ ಶ್ರೀಮಂತ ಎಡ್ಗರ್‌ನ ದುಡ್ಡಿನಿಂದ ಹೀತ್‌ಕ್ಲಿಫ್‌ನನ್ನು ಮೇಲೆತ್ತಬಹುದು ಅಂತಲೂ ಲೆಕ್ಕ ಹಾಕುತ್ತಾಳೆ. ಇದನ್ನು ಅವಳಿಗೆ ಕಲಿಸಿದ್ದು ಸಮಾಜವೇ.

ಪ್ರಶ್ನೆ ಕೇಳಿದವರು: ಹೇರ್ಟನ್ ವಿಷಯ ನನಗೆ ಹೊಳೆದಿರಲೇ ಇಲ್ಲ. ಇನ್ನೊಮ್ಮೆ ಓದಬೇಕು.