ಟ್ರ್ಯಾಕ್ಟರ್-ಟ್ರೇಲರ್ ನಡುವೆ ಏರ್ ಪೈಪ್, ವೈರಿಂಗ್ ತಾನಾಗಿ ಕೂಡಿಕೊಳ್ಳುವ ವ್ಯವಸ್ಥೆ: ಎರಡೂ ಕಡೆ ಮುಚ್ಚಿಕೊಳ್ಳುವ ವಾಲ್ವ್ ಹಾಕಬಹುದೇ?

ಹಿಂಬದಿಚಕ್ರ (ಪ್ರಶ್ನೆ)

ಹೊರಗಿನ ರಸ್ತೆಗೆ ಹೋಗದ, ಯಾರ್ಡ್ ಒಳಗೇ ಓಡಾಡುವ ಗಾಡಿಗಳ ವಿಚಾರ. 6 ಟ್ರ್ಯಾಕ್ಟರ್ (ಹೊಲದ್ದಲ್ಲ, ಟ್ರೇಲರ್ ಎಳೆಯುವ ಲಾರಿ), 40 ಸೆಮಿ ಟ್ರೇಲರ್ (ಮುಂಭಾಗ ಟ್ರ್ಯಾಕ್ಟರ್ ಮೇಲೆ ಕೂರುವಂಥವು). ಎಲ್ಲವೂ 24 ವೋಲ್ಟ್, ಎಲ್ಲಕ್ಕೂ 2 ಇಂಚಿನ ಕಿಂಗ್‌ಪಿನ್ (ಟ್ರೇಲರ್ ತಳದ ಜೋಡಣೆಯ ಗೂಟ), ಟ್ರೇಲರ್‌ಗಳಲ್ಲಿ ಇಬಿಎಸ್ (ಎಲೆಕ್ಟ್ರಾನಿಕ್ ಬ್ರೇಕ್ ವ್ಯವಸ್ಥೆ) ಇದೆ. ದಿನವಿಡೀ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಕೆಲಸ. ಪ್ರತಿ ಸಲವೂ ಚಾಲಕ ಇಳಿದು, ಕ್ಯಾಬಿನ್ ಹಿಂದಿನ ತಟ್ಟೆ ಹತ್ತಿ, ಕೆಂಪು ಪೈಪ್ (ಗಾಳಿ ತುಂಬುವುದು), ಹಳದಿ ಪೈಪ್ (ಪೆಡಲ್‌ನ ಬ್ರೇಕ್ ಆದೇಶ ಒಯ್ಯುವುದು), ದೀಪಗಳ 15 ಪಿನ್ ಪ್ಲಗ್, ಇಬಿಎಸ್ ಪ್ಲಗ್ ಹೀಗೆ ನಾಲ್ಕನ್ನೂ ಸಿಕ್ಕಿಸಬೇಕು. ಮಳೆಯಲ್ಲಿ ಆ ತಟ್ಟೆ ಮೇಲೆ ಕಾಲು ಜಾರುವುದೇ ದೊಡ್ಡ ತಲೆನೋವು.

ಫಿಫ್ತ್ ವೀಲ್ (ಟ್ರ್ಯಾಕ್ಟರ್ ಮೇಲೆ ಕಿಂಗ್‌ಪಿನ್ ಹಿಡಿಯುವ ತಟ್ಟೆ) ಬಳಿ ಒಂದು ಕನೆಕ್ಟರ್ ಪ್ಲೇಟ್, ಟ್ರೇಲರ್ ತಳದಲ್ಲಿ ಅದರ ಜೋಡಿ ಪ್ಲೇಟ್. ಹಿಂದಕ್ಕೆ ಬಂದು ಕಿಂಗ್‌ಪಿನ್ ಲಾಕ್ ಆದಾಗ ಗಾಳಿ, ಕರೆಂಟ್ ಎರಡೂ ಕೂಡಿಕೊಳ್ಳಬೇಕು ಎಂಬುದು ಯೋಚನೆ. ಹೈಡ್ರಾಲಿಕ್ ಕ್ವಿಕ್ ಕಪ್ಲರ್ ಥರ ಎರಡೂ ಬದಿಯಲ್ಲಿ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇಟ್ಟರೆ ಗಾಳಿ ಪೋಲಾಗುವುದಿಲ್ಲ ಅನಿಸುತ್ತಿದೆ. ಅದು ಸರಿಯೇ? ತಿರುವಿನಲ್ಲಿ ಟ್ರೇಲರ್ ಅಡ್ಡಡ್ಡ ತಿರುಗಿದಾಗ ಪ್ಲೇಟ್ ಹೇಗೆ ತಾಳುತ್ತದೆ? ಈಗಿರುವ ಕೈ ಜೋಡಣೆಯ ಕಪ್ಲಿಂಗ್‌ಗಳನ್ನು ತೆಗೆದುಬಿಡಬಹುದೇ?

---

ಗಾಳಿಬ್ರೇಕ್

ಮೊದಲ ಪ್ರಶ್ನೆಗೆ ಉತ್ತರ: ಟ್ರ್ಯಾಕ್ಟರ್ ಬದಿಯಲ್ಲಿ ಸರಿ, ಟ್ರೇಲರ್ ಬದಿಯಲ್ಲಿ ಖಂಡಿತ ಬೇಡ. ಉಳಿದದ್ದೆಲ್ಲ ಆಮೇಲೆ, ಇದು ಮೊದಲು ತಲೆಗೆ ಹೋಗಬೇಕು.

ಕೆಂಪು ಲೈನ್ ಬರೀ ಗಾಳಿ ತುಂಬುವ ಪೈಪ್ ಅಲ್ಲ. ಅದರಲ್ಲಿ ಒತ್ತಡ ಬಿದ್ದುಹೋಯಿತು ಎಂಬುದೇ ಟ್ರೇಲರ್‌ಗೆ ಸಿಗುವ 'ಬ್ರೇಕ್ ಹಿಡಿ' ಎಂಬ ಸೂಚನೆ. ಕಪ್ಲಿಂಗ್ ಬಿಚ್ಚಿದಾಗ ಟ್ರೇಲರ್ ಬದಿಯ ಬಾಯಿ ತೆರೆದೇ ಇರಬೇಕು, ಗಾಳಿ ಹೊರಗೆ ಹೋಗಬೇಕು, ಆಗ ಟ್ರೇಲರ್‌ನ ಎಮರ್ಜೆನ್ಸಿ ವಾಲ್ವ್ ತನ್ನ ಟ್ಯಾಂಕಿನ ಗಾಳಿಯನ್ನು ಬ್ರೇಕ್ ಛೇಂಬರ್‌ಗಳಿಗೆ ಕಳಿಸುತ್ತದೆ. ನೀವು ಆ ಬಾಯಿಗೆ ಮುಚ್ಚಿಕೊಳ್ಳುವ ವಾಲ್ವ್ ಹಾಕಿದರೆ ಗಾಳಿ ಪೈಪಿನೊಳಗೇ ಸಿಕ್ಕಿಬೀಳುತ್ತದೆ. ಟ್ರ್ಯಾಕ್ಟರ್ ಹೊರಟುಹೋದದ್ದು ಟ್ರೇಲರ್‌ಗೆ ಗೊತ್ತೇ ಆಗುವುದಿಲ್ಲ. ಸ್ವಲ್ಪ ಇಳಿಜಾರಿದ್ದರೆ ಸಾಕು, ತನ್ನಷ್ಟಕ್ಕೆ ಉರುಳುತ್ತದೆ. ಹಳದಿಯಲ್ಲಿ ಇದೇ ತಪ್ಪು ಮಾಡಿದರೆ ಕಥೆ ಬೇರೆ: ಪೆಡಲ್ ಒತ್ತಿರುವಾಗ ಬಿಚ್ಚಿಕೊಂಡರೆ ಬ್ರೇಕ್ ಒತ್ತಡ ಒಳಗೇ ಉಳಿದು ಚಕ್ರ ಜಾಮ್. ಅದರಲ್ಲಿ ಅಪಾಯ ಕಡಿಮೆ, ಕಿರಿಕಿರಿ ಜಾಸ್ತಿ.

ಟ್ರ್ಯಾಕ್ಟರ್ ಬದಿ ಮುಚ್ಚಿಕೊಳ್ಳಲೇಬೇಕು, ಇಲ್ಲವಾದರೆ ಅದರ ಟ್ಯಾಂಕಿನ ಗಾಳಿಯೇ ಖಾಲಿ. ಭಾರಿ ಗಾಡಿಗಳ ಬ್ರೇಕಿನ ಬಗ್ಗೆ ವಿಶ್ವಸಂಸ್ಥೆಯ ಯುಎನ್ ನಿಯಮ 13 ಕೂಡ ತಾನಾಗಿ ಕೆಲಸ ಮಾಡದ ಶಟ್‌ಆಫ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಮಧ್ಯದಲ್ಲೊಂದು ಕೈಯಿಂದ ತಿರುಗಿಸುವ ಕಾಕ್ ಇಡುವ ಉಪಾಯವೂ ಬೇಡ.

ಎರಡನೆಯದು, ಜೋಡಣೆಯ ಕ್ರಮ. ಕೈಯಿಂದ ಜೋಡಿಸುವಾಗ ಮೊದಲು ಹಳದಿ, ಆಮೇಲೆ ಕೆಂಪು. ಬಿಚ್ಚುವಾಗ ಮೊದಲು ಕೆಂಪು, ಆಮೇಲೆ ಹಳದಿ. ಏಕೆಂದರೆ ಕೆಂಪಿಗೆ ಗಾಳಿ ಹೋದ ಕೂಡಲೇ, ಟ್ರೇಲರ್‌ನ ಪಾರ್ಕಿಂಗ್ ಬ್ರೇಕ್ ಬೇರೆಯಾಗಿ ಹಾಕಿರದಿದ್ದರೆ, ಟ್ರೇಲರ್ ಬ್ರೇಕ್ ಬಿಟ್ಟುಬಿಡುತ್ತದೆ. ಟ್ರ್ಯಾಕ್ಟರ್‌ನ ಹ್ಯಾಂಡ್‌ಬ್ರೇಕ್ ಹಾಕದೆ ಚಾಲಕ ಕೆಂಪು ಪೈಪ್ ಸಿಕ್ಕಿಸಿ, ಇಡೀ ಗಾಡಿ ಚಲಿಸಿ ಅವನೇ ನಡುವೆ ಸಿಕ್ಕಿಕೊಳ್ಳುವುದು ಈ ಕೆಲಸದ ಕುಖ್ಯಾತ ಅಪಘಾತ. ನಿಮ್ಮ ಪ್ಲೇಟ್ ಎರಡನ್ನೂ ಒಟ್ಟಿಗೆ ಕೂಡಿಸುವುದರಿಂದ ಈ ಕ್ರಮವೇ ಇಲ್ಲವಾಗುತ್ತದೆ. ಅದನ್ನು ವಾಲ್ವ್ ಮೂಲಕ ಮರಳಿ ತರಬೇಕು.

ಅಂದರೆ ಪ್ಲೇಟ್‌ಗೆ ಮುಂಚೆ, ಟ್ರ್ಯಾಕ್ಟರ್‌ನ ಕೆಂಪು ಲೈನಿನಲ್ಲಿ ಒಂದು 3/2 ವಾಲ್ವ್ (ಮೂರು ಬಾಯಿ, ಎರಡು ಸ್ಥಿತಿ). ಬರೀ ತಡೆಯುವ, ಎರಡೇ ಬಾಯಿಯ 2/2 ವಾಲ್ವ್ ಸಾಲದು. ಮುಚ್ಚಿದಾಗ ಟ್ರೇಲರ್ ಕಡೆಯ ಗಾಳಿಯನ್ನು ಹೊರಗೆ ಬಿಡುವಂಥದ್ದು ಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ: 'ಸುರಕ್ಷತೆ' ಎಂದು ಕರೆಂಟ್ ಹೋದರೆ ಮುಚ್ಚಿಕೊಳ್ಳುವ ಮಾಮೂಲಿ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಹಾಕುತ್ತಾರೆ. ಓಡುವಾಗ ಒಂದು ಫ್ಯೂಸ್ ಹೋದರೆ ಟ್ರೇಲರ್ ಬ್ರೇಕ್ ದಡಾರನೆ ಬಿಗಿಯುತ್ತದೆ. ಕರೆಂಟ್ ಹೋದರೂ ಇದ್ದ ಸ್ಥಿತಿಯಲ್ಲೇ ನಿಲ್ಲುವ, ಎರಡು ಕಾಯಿಲ್‌ನ ಲ್ಯಾಚಿಂಗ್ ವಾಲ್ವ್ ಹಾಕಿ. ಅದು ತೆರೆಯಲು ನಾಲ್ಕು ಷರತ್ತು: ಕಿಂಗ್‌ಪಿನ್ ಒಳಗಿದೆ, ಲಾಕ್ ಪೂರ್ತಿ ಮುಚ್ಚಿದೆ, ಪ್ಲೇಟ್ ಕೊನೆಯವರೆಗೆ ಕೂತಿದೆ, ಟ್ರ್ಯಾಕ್ಟರ್ ಹ್ಯಾಂಡ್‌ಬ್ರೇಕ್ ಹಾಕಿದೆ. ಒಮ್ಮೆ ತೆರೆದ ಮೇಲೆ ಈ ಸೆನ್ಸರ್‌ಗಳು ಕ್ಯಾಬಿನ್ನಿನಲ್ಲಿ ಎಚ್ಚರಿಕೆ ದೀಪ ಹೊತ್ತಿಸಬಹುದೇ ಹೊರತು ಓಡುವ ಗಾಡಿಯ ವಾಲ್ವ್ ಮುಚ್ಚಕೂಡದು.

ಇನ್ನು ಹಳದಿ ಲೈನಿನ ಒಳದಾರಿಯ ಅಗಲ. ಯುಎನ್ 13ರ ಪ್ರಕಾರ ಪೆಡಲ್ ತುಳಿದು 0.4 ಸೆಕೆಂಡಿನೊಳಗೆ ಹಳದಿ ಕಪ್ಲಿಂಗ್‌ನಲ್ಲಿ ಕೊನೆಯ ಒತ್ತಡದ 75 ಶೇಕಡಾ ಬಂದಿರಬೇಕು. ಅಳೆಯುವುದು 2.5 ಮೀಟರ್ ಉದ್ದ, 13 ಮಿ.ಮೀ. ಒಳವ್ಯಾಸದ ಪೈಪಿನ ತುದಿಯಲ್ಲಿ. ಪ್ಲೇಟ್‌ನಲ್ಲಿ 8 ಮಿ.ಮೀ. ರಂಧ್ರ, ಅದರ ಹಿಂದೆ ಎರಡು ಮೊಣಕೈ ಫಿಟ್ಟಿಂಗ್ ಇಟ್ಟರೆ ಗಾಳಿ ಅಲ್ಲೇ ಏದುಸಿರು ಬಿಡುತ್ತದೆ. ಇಬಿಎಸ್ ಕೆಲಸ ಮಾಡುವಾಗ ಇದು ಗೊತ್ತಾಗುವುದಿಲ್ಲ, ಬ್ರೇಕ್ ಆದೇಶ ತಂತಿಯಲ್ಲಿ ಹೋಗಿರುತ್ತದೆ. ಇಬಿಎಸ್ ಕೈಕೊಟ್ಟ ದಿನ ಟ್ರೇಲರ್ ತಡವಾಗಿ ಹಿಡಿದು ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ಪ್ಲೇಟ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಈ ಸಮಯ ಅಳೆದಿಡಿ.

---

ಕಿಂಗ್‌ಪಿನ್50

ಗಾಳಿಬ್ರೇಕ್ ಅವರು ಹೇಳಿದ್ದಕ್ಕೆ ಸೇರಿಸಲು ಏನಿಲ್ಲ. ನಾನು ಕಬ್ಬಿಣದ ಭಾಗ ಮಾತ್ರ ಹೇಳುತ್ತೇನೆ.

ತಿರುವಿನ ಪ್ರಶ್ನೆಗೆ ಪರಿಹಾರ ಆಗಲೇ ಇದೆ. ಟ್ರೇಲರ್ ಬದಿಯ ಪ್ಲೇಟನ್ನು ನೇರ ತಳಕ್ಕೆ ಬೋಲ್ಟ್ ಮಾಡುವುದಿಲ್ಲ. ಕಿಂಗ್‌ಪಿನ್ ಸುತ್ತ ಬೇರಿಂಗ್ ಮೇಲೆ ತಿರುಗುವ ಒಂದು ಬೆಣೆಯಾಕಾರದ ತುಂಡು ಇರುತ್ತದೆ, ಪ್ಲೇಟ್ ಅದರ ಮೇಲೆ. ಫಿಫ್ತ್ ವೀಲ್‌ನ ಹಿಂಬದಿ ತೆರೆದ ಬಾಯೊಳಗೆ ಬೆಣೆ ಕೂತಾಗ ಅದು ಟ್ರ್ಯಾಕ್ಟರ್ ಜತೆಗೇ ನಿಲ್ಲುತ್ತದೆ, ಟ್ರೇಲರ್ ಅದರ ಸುತ್ತ ತಿರುಗುತ್ತದೆ. ಹಾಗಾಗಿ ಎರಡು ಪ್ಲೇಟ್‌ಗಳ ನಡುವೆ ತಿರುಚುವಿಕೆಯೇ ಇಲ್ಲ. ತಿರುಚುವುದೆಲ್ಲ ಬೆಣೆಯಿಂದ ಟ್ರೇಲರ್ ಚಾಸಿಗೆ ಹೋಗುವ ಪೈಪ್, ಕೇಬಲ್‌ಗಳ ಪಾಲಿಗೆ. ಅಲ್ಲಿ ಎರಡೂ ಕಡೆಗೆ 90 ಡಿಗ್ರಿಗಿಂತ ಹೆಚ್ಚು ತಿರುಗುವಷ್ಟು ಸಡಿಲ ಸುತ್ತು ಬಿಡಿ. ಯಾರ್ಡ್‌ನಲ್ಲಿ ಗಾಡಿ ಮಡಚಿಕೊಳ್ಳುವುದು ರಸ್ತೆಗಿಂತ ಜಾಸ್ತಿ. ಯೋಸ್ಟ್ ಕಂಪನಿಯ ಕೆಕೆಎಸ್ ಈ ದಾರಿಯಲ್ಲೇ ಮಾಡಿದ ಸಿದ್ಧ ವ್ಯವಸ್ಥೆ. ಈ ಥರದ 24 ವೋಲ್ಟ್ ಜೋಡಣೆಗೆ ಐಎಸ್‌ಒ 13044 ಎಂಬ ಮಾನದಂಡವೂ ಇದೆ. ಸ್ವಂತವಾಗಿ ಪ್ಲೇಟ್ ಕೊರೆಯುವ ಮೊದಲು ಅದನ್ನು ಓದಿ. ಒಂದು ಎಚ್ಚರಿಕೆ: ಟ್ರೇಲರ್‌ನ ಹಿಂದಿನ ಆಕ್ಸಲ್ ತಿರುಗಿಸಲೂ ಇದೇ ಬಾಯೊಳಗೆ ಬೆಣೆ ಬಳಸುತ್ತಾರೆ. ನಿಮ್ಮ 40ರಲ್ಲಿ ಅಂಥ ಸ್ಟಿಯರಿಂಗ್ ಟ್ರೇಲರ್ ಇದ್ದರೆ ಅದನ್ನು ಈ ಯೋಜನೆಯಿಂದ ಹೊರಗಿಡಿ.

ಪ್ಲೇಟ್ ಎಂದೂ ಬಿಗಿಯಾಗಿ ಕೂರಬಾರದು. 2 ಇಂಚಿನ ಕಿಂಗ್‌ಪಿನ್ ಹೊಸದರಲ್ಲಿ 50.8 ಮಿ.ಮೀ., ಸವೆದು 49 ಆಗುವವರೆಗೆ ಓಡಿಸುತ್ತಾರೆ. ಲಾಕ್ ದವಡೆಯ ಸವೆತ ಬೇರೆ. ಅಷ್ಟೂ ಆಟವನ್ನು ಪಿನ್‌ಗಳು ತಿನ್ನಬಾರದು ಎಂದಾದರೆ ಒಂದು ಬದಿಯ ಪ್ಲೇಟ್ ಸ್ಪ್ರಿಂಗ್ ಮೇಲೆ ಎಲ್ಲ ದಿಕ್ಕಿಗೂ ಕೆಲವು ಮಿ.ಮೀ. ತೇಲಬೇಕು. ಮೊನಚು ಮೂತಿಯ ಎರಡು ಗೈಡ್ ಪಿನ್ ಎಲ್ಲಕ್ಕಿಂತ ಉದ್ದ. ಅವು ಪೂರ್ತಿ ಹೊಕ್ಕ ಮೇಲೆ ಗಾಳಿಯ ಸೀಲ್, ಕೊನೆಗೆ ಕರೆಂಟ್ ಪಿನ್ ಮುಟ್ಟಬೇಕು.

ನನ್ನ ಮಟ್ಟಿಗೆ, ಹಿಂದಕ್ಕೆ ಬರುವ ರಭಸದಲ್ಲೇ ಕೂಡಿಕೊಳ್ಳುವ ಸ್ಥಿರ ಪ್ಲೇಟ್‌ಗಿಂತ, ಲಾಕ್ ಆದ ಮೇಲೆ ಸಣ್ಣ ಏರ್ ಸಿಲಿಂಡರ್ ಮುಂದೆ ತಳ್ಳುವ ಪ್ಲೇಟ್ ಮೇಲು. ಭಾಗ ಒಂದು ಹೆಚ್ಚಾಗುತ್ತದೆ ನಿಜ. ಆದರೆ ಟನ್‌ಗಟ್ಟಲೆ ತೂಕದ ಗಾಡಿ ಕನೆಕ್ಟರ್‌ಗೆ ಗುದ್ದುವುದು ತಪ್ಪುತ್ತದೆ, ಬಿಚ್ಚುವ ಹೊತ್ತನ್ನೂ ನಾವೇ ತೀರ್ಮಾನಿಸಬಹುದು.

ಎತ್ತರ ನೋಡಿಕೊಳ್ಳಿ. ಹಿಂದಕ್ಕೆ ಬರುವಾಗ ಟ್ರೇಲರ್‌ನ ತಳದ ತಟ್ಟೆ ಫಿಫ್ತ್ ವೀಲ್‌ಗಿಂತ ಸುಮಾರು 50 ಮಿ.ಮೀ. ಕೆಳಗಿರಬೇಕು, ಫಿಫ್ತ್ ವೀಲ್ ಅದನ್ನು ಎತ್ತಿಕೊಂಡು ಒಳಗೆ ಹೋಗಬೇಕು. ಟ್ರೇಲರ್ ಎತ್ತರವಾಗಿ ನಿಂತಿದ್ದರೆ ಕಿಂಗ್‌ಪಿನ್ ಲಾಕಿನ ಮೇಲಿಂದ ಹಾಯುತ್ತದೆ, ಕೈ ಜೋಡಣೆಯಲ್ಲೂ ಇದು ಅಪಾಯವೇ. ಪ್ಲೇಟ್ ಇದ್ದರೆ ಮೊದಲು ಪುಡಿಯಾಗುವುದು ಅದು.

ಇನ್ನೊಂದು, ಡ್ರಾಯಿಂಗ್‌ನಲ್ಲಿ ಯಾರೂ ಬರೆಯದ ಶತ್ರು: ಗ್ರೀಸ್. ಫಿಫ್ತ್ ವೀಲ್ ಮೇಲೆ ಮೆತ್ತಿದ್ದು ಮರಳಿನ ಜತೆ ಕಲಸಿ ಅರೆಯುವ ಪೇಸ್ಟ್ ಆಗಿರುತ್ತದೆ. ಅದು ಸೀಲ್ ಬಾಯಿಗೆ ಬಿದ್ದರೆ ಸೋರಿಕೆ, ಪಿನ್ನಿಗೆ ಬಿದ್ದರೆ ಸಂಪರ್ಕ ಕೈಕೊಡುತ್ತದೆ. ಕೊನೆಯ ಕೆಲವು ಸೆಂಟಿಮೀಟರ್‌ನಲ್ಲಿ ಮಾತ್ರ ತೆರೆಯುವ ಮುಚ್ಚಳ ಎರಡೂ ಬದಿಗೆ ಬೇಕು. ಟ್ರೇಲರ್ ಬದಿಯ ಮುಚ್ಚಳ ಧೂಳು ತಡೆಯಲಿ ಸಾಕು, ಗಾಳಿ ತಡೆಯುವಂತಿರಬಾರದು. ಕಾರಣ ಮೇಲೆಯೇ ಇದೆ.

---

ತಾಮ್ರದತಂತಿ

ಕರೆಂಟ್ ವಿಚಾರ ಸ್ವಲ್ಪ.

ಪ್ಲೇಟ್ ಮೂಲಕ ಹೋಗಬೇಕಾದ್ದು ಎರಡು ಗುಂಪು. ಒಂದು ದೀಪಗಳ 15 ಪಿನ್, ಐಎಸ್‌ಒ 12098. ಇನ್ನೊಂದು ಬ್ರೇಕಿನ 7 ಪಿನ್, ಐಎಸ್‌ಒ 7638. ಎರಡನೆಯದರಲ್ಲಿ 1 ಮತ್ತು 4 ವಾಲ್ವ್‌ಗಳ ಪ್ಲಸ್, ಮೈನಸ್, 4 ಚದರ ಮಿ.ಮೀ. ತಂತಿ. 2 ಮತ್ತು 3 ಎಲೆಕ್ಟ್ರಾನಿಕ್ಸ್‌ನ ಪ್ಲಸ್, ಮೈನಸ್, 5 ಎಚ್ಚರಿಕೆ ದೀಪಕ್ಕೆ, ಇವು 1.5 ಚದರ ಮಿ.ಮೀ. 6, 7 ಕ್ಯಾನ್ ಜೋಡಿ (ಎರಡೂ ಗಾಡಿಗಳ ಎಲೆಕ್ಟ್ರಾನಿಕ್ಸ್ ನಡುವೆ ಮಾಹಿತಿ ಒಯ್ಯುವ ತಂತಿಗಳು). ಈ ಎರಡು ಮೈನಸ್‌ಗಳನ್ನು ಪ್ಲೇಟ್‌ನಲ್ಲಿ ಪಿನ್ ಉಳಿಸಲು ಒಂದು ಮಾಡಬೇಡಿ. ವಾಲ್ವ್ ಎಳೆಯುವ ಕರೆಂಟಿನಿಂದ ಎಲೆಕ್ಟ್ರಾನಿಕ್ಸ್‌ನ ನೆಲಮಟ್ಟವೇ ಅಲುಗಾಡಿ, ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ. ಚಾಸಿಯನ್ನೇ ಮೈನಸ್ ಎಂದು ನಂಬುವುದೂ ಬೇಡ, ನಡುವೆ ಇರುವುದು ಗ್ರೀಸ್ ಮೆತ್ತಿದ ಕಿಂಗ್‌ಪಿನ್.

ಕ್ಯಾನ್ ಬಗ್ಗೆ ಅಷ್ಟೇನೂ ಹೆದರಬೇಕಿಲ್ಲ. ಟ್ರ್ಯಾಕ್ಟರ್-ಟ್ರೇಲರ್ ನಡುವಿನ ಐಎಸ್‌ಒ 11992 ಸೆಕೆಂಡಿಗೆ 125 ಕಿಲೋಬಿಟ್ ಮಾತ್ರ. ಎರಡು ಪಿನ್ ಪಕ್ಕಪಕ್ಕದಲ್ಲಿರಲಿ, ತಂತಿಯ ಹೆಣಿಕೆ ಪ್ಲೇಟ್ ಹತ್ತಿರದವರೆಗೂ ಬಿಚ್ಚದಿರಲಿ.

ಪಿನ್ ಸುಟ್ಟುಹೋಗಲು ಕಾರಣ ಎರಡು. ಮೊದಲನೆಯದು ಲೋಡ್ ಇರುವಾಗಲೇ ಬಿಚ್ಚುವುದು. ದೀಪ ಉರಿಯುತ್ತಿರುವಾಗ ಪ್ಲೇಟ್ ಹಿಂದೆ ಸರಿದರೆ ಪ್ರತಿ ಸಲವೂ ಕಿಡಿ. ಆದ್ದರಿಂದ ಟ್ರ್ಯಾಕ್ಟರ್ ಬದಿಯ ರಿಲೇಗಳು ಮೊದಲು ಆಫ್, ಆಮೇಲೆ ಪ್ಲೇಟ್ ಸರಿಯಲಿ. ಜೋಡಿಸುವಾಗ ಪ್ಲೇಟ್ ಕೂತ ಸೆನ್ಸರ್ ಬಂದ ಮೇಲೆ ರಿಲೇ ಆನ್. ಎರಡನೆಯದು ಕಂಪನದಿಂದ ಪಿನ್ ಉಜ್ಜಿ ಉಜ್ಜಿ ರೋಧ ಏರುವುದು. ಒಂದು ಪಿನ್‌ನ ರೋಧ 50 ಮಿಲಿಓಮ್‌ಗೆ ಏರಿದೆ ಎಂದುಕೊಳ್ಳಿ. 15 ಆಂಪಿಯರ್ ಹರಿದರೆ 0.75 ವೋಲ್ಟ್ ನಷ್ಟ, 11 ವ್ಯಾಟ್ ಬಿಸಿ. ಬೆಸುಗೆ ಹಾಕುವ ಸಣ್ಣ ಕಾವುಕಡ್ಡಿಯ ಬಿಸಿ ಅದು, ಪ್ಲಾಸ್ಟಿಕ್ ತಾಳುವುದಿಲ್ಲ. ನಿಮ್ಮದು 24 ವೋಲ್ಟ್ ಆಗಿರುವುದು ಪುಣ್ಯ. 4 ಚದರ ಮಿ.ಮೀ. ತಾಮ್ರದ ತಂತಿ 15 ಮೀಟರ್ ಹೋಗಿ ಬಂದರೆ 0.13 ಓಮ್, 15 ಆಂಪಿಯರ್‌ಗೆ 2 ವೋಲ್ಟ್ ಅಲ್ಲೇ ಹೋಗುತ್ತದೆ. 12 ವೋಲ್ಟ್ ಗಾಡಿಯಲ್ಲಿ ಅದರ ಮೇಲೆ ಇನ್ನೊಂದು ಜೋಡಣೆ ಸೇರಿಸಿದರೆ ಬ್ರೇಕ್ ಎಲೆಕ್ಟ್ರಾನಿಕ್ಸ್ ಮುನಿಸಿಕೊಳ್ಳುವುದು ಖಚಿತ.

ಟೇಲ್ ಲಿಫ್ಟ್ (ಹಿಂಬದಿಯಲ್ಲಿ ಸರಕು ಎತ್ತಿಳಿಸುವ ಹಲಗೆ) ಇದ್ದರೆ ಅದರ ದಪ್ಪ ಕೇಬಲ್ಲನ್ನು ಈ ಪ್ಲೇಟ್‌ಗೆ ತರಲೇಬೇಡಿ.

---

ಹಿಂಬದಿಚಕ್ರ

ಎಲ್ಲರಿಗೂ ಧನ್ಯವಾದ, ಎರಡೂ ಕಡೆ ಮುಚ್ಚುವ ಯೋಚನೆ ಕೈಬಿಟ್ಟೆ. ಎರಡು ಸಂದೇಹ ಉಳಿದಿವೆ. ಹೊರಗಿನ ಟ್ರ್ಯಾಕ್ಟರ್ ಬಂದು ಈ ಟ್ರೇಲರ್‌ಗಳನ್ನು ಎಳೆಯುವುದೂ ಉಂಟು, ಹಾಗಾಗಿ ಮುಂಭಾಗದ ಹಳೆ ಕಪ್ಲಿಂಗ್ ಇರಲೇಬೇಕು. ಆಗ ಗಾಳಿ ಪ್ಲೇಟ್‌ನಿಂದ ಬಂದರೆ ಹಳೆ ಕಪ್ಲಿಂಗ್ ಬಾಯಿಂದ ಹೊರಹೋಗುವುದಿಲ್ಲವೇ? ಇನ್ನೊಂದು, ಯಾರ್ಡ್ ಒಳಗೆ ಕೆಂಪು ಒಂದನ್ನೇ ಜೋಡಿಸಿ ಓಡಿಸಿದರೆ ಪ್ಲೇಟ್ ಬಹಳ ಸರಳವಾಗುತ್ತದಲ್ಲ?

---

ಗಾಳಿಬ್ರೇಕ್

ಎರಡು ಬಾಯಿ ಕೂಡುವಲ್ಲಿ ಶಟಲ್ ವಾಲ್ವ್ ಹಾಕಿ, ಅಂದರೆ ಡಬಲ್ ಚೆಕ್ ವಾಲ್ವ್. ಕೆಂಪಿಗೆ ಒಂದು, ಹಳದಿಗೆ ಒಂದು. ಗಾಳಿ ಬಂದ ಕಡೆಯಿಂದ ತಳ್ಳಿಸಿಕೊಂಡು ಅದರ ಗುಂಡು ಇನ್ನೊಂದು ಬಾಯಿ ಮುಚ್ಚುತ್ತದೆ. ಬಿಚ್ಚಿದಾಗ ಗುಂಡು ಅಲ್ಲೇ ಇರುವುದರಿಂದ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ, ಎಮರ್ಜೆನ್ಸಿ ಬ್ರೇಕ್ ಎಂದಿನಂತೆ ಹಿಡಿಯುತ್ತದೆ. ಕಸ ಸಿಕ್ಕಿ ಗುಂಡು ಮಧ್ಯದಲ್ಲಿ ನಿಂತರೆ ಬಳಸದ ಬಾಯಿಂದ ಬುಸ್ ಎಂದು ಸೋರುತ್ತದೆ. ಆ ಸದ್ದು ಕೇಳಿ ಯಾರಾದರೂ ಬಾಯಿಗೆ ಗಾಳಿಬಿಗಿ ಮುಚ್ಚಳ ಹಾಕಿಯಾರು, ಅದಕ್ಕೆ ಬಿಡಬೇಡಿ. ಎರಡೂ ಬಾಯಿಯ ಹಿಂದೆ ಜಾಲರಿ ಫಿಲ್ಟರ್ ಇಡಿ. ಶಟಲ್‌ನ ಒಳದಾರಿ ಹಳದಿ ಲೈನಿಗಿಂತ ಕಿರಿದಾಗದಿರಲಿ.

ಕೆಂಪು ಮಾತ್ರ ಎಂಬುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕೆಂಪು ಟ್ರೇಲರ್ ಬ್ರೇಕನ್ನು ಬಿಡಿಸುತ್ತದೆ ಅಷ್ಟೆ, ಓಡುವಾಗ ಪೆಡಲ್‌ಗೆ ತಕ್ಕಂತೆ ಹಿಡಿಸುವುದು ಹಳದಿ. ತುಂಬಿದ ಟ್ರೇಲರನ್ನು ಟ್ರ್ಯಾಕ್ಟರ್ ಒಂದರ ಬ್ರೇಕಿನಿಂದಲೇ ನಿಲ್ಲಿಸಬೇಕಾಗುತ್ತದೆ. ಒದ್ದೆ ನೆಲದಲ್ಲಿ ಗಾಡಿ ಮಡಚಿಕೊಳ್ಳಲು ಅಷ್ಟು ಸಾಕು.

---

ಕಿಂಗ್‌ಪಿನ್50

40 ಟ್ರೇಲರ್‌ಗೂ ಒಮ್ಮೆಲೇ ಹಾಕಬೇಡಿ, 1 ಟ್ರ್ಯಾಕ್ಟರ್, 2 ಟ್ರೇಲರ್ ಸಾಕು. ಬಿಚ್ಚುವ ಕ್ರಮ ಹೀಗಿರಲಿ: ಟ್ರ್ಯಾಕ್ಟರ್ ಹ್ಯಾಂಡ್‌ಬ್ರೇಕ್, ಟ್ರೇಲರ್‌ನ ಸ್ಪ್ರಿಂಗ್ ಬ್ರೇಕ್ (ಗಾಳಿಯಿಲ್ಲದೆ ಸ್ಪ್ರಿಂಗ್ ಬಲದಿಂದ ಹಿಡಿಯುವ ಪಾರ್ಕಿಂಗ್ ಬ್ರೇಕ್), ಟ್ರೇಲರ್‌ನ ಆಧಾರದ ಕಾಲು ಇಳಿಸುವುದು, ರಿಲೇ ಆಫ್, ಕೆಂಪಿನ ಗಾಳಿ ಹೊರಗೆ, ಪ್ಲೇಟ್ ಹಿಂದಕ್ಕೆ, ಪ್ಲೇಟ್ ಸರಿದ ಸೆನ್ಸರ್ ಬಂದ ಮೇಲಷ್ಟೇ ಕಿಂಗ್‌ಪಿನ್ ಲಾಕ್ ತೆರೆಯುವುದು. ಸ್ಪ್ರಿಂಗ್ ಬ್ರೇಕ್ ಬೇರೆಯಾಗಿ ಹೇಳಿದ್ದೇಕೆಂದರೆ, ಕೆಂಪು ಖಾಲಿಯಾದಾಗ ಹಿಡಿಯುವುದು ಟ್ಯಾಂಕಿನ ಗಾಳಿ. ಟ್ಯಾಂಕ್ ನಿಧಾನವಾಗಿ ಸೋರಿದರೆ ಆ ಹಿಡಿತವೂ ಸೋರುತ್ತದೆ. ಈಗ ಚಾಲಕ ಇಳಿಯುವುದೇ ಇಲ್ಲವಾದ್ದರಿಂದ ಸ್ಪ್ರಿಂಗ್ ಬ್ರೇಕ್ ಹಾಕಲು ಟ್ರೇಲರ್ ಬದಿಯಲ್ಲಿರುವ ಗುಂಡಿಯನ್ನು ಯಾರು ಎಳೆಯುತ್ತಾರೆ ಎಂದೂ ಯೋಚಿಸಿ. ಕ್ಯಾಬಿನ್ನಿನಿಂದಲೇ ಆ ಕೆಲಸ ಮಾಡುವ ವಾಲ್ವ್ ಟ್ರೇಲರ್‌ನಲ್ಲಿ ಬೇಕಾಗುತ್ತದೆ.

ಲಾಕ್ ಸೆನ್ಸರ್ ಹಸಿರು ತೋರಿದರೂ, ಟ್ರೇಲರ್ ಬ್ರೇಕ್ ಹಿಡಿದಿರುವಾಗಲೇ ಕಡಿಮೆ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡುವುದನ್ನು ಬಿಡಬೇಡಿ. ಗಾಳಿ ಕೊಡುವ ಮುಂಚೆಯೇ ಅದು ಆಗಬೇಕು. ಎಳೆದು ನೋಡಿ, ಮತ್ತೆ ಹ್ಯಾಂಡ್‌ಬ್ರೇಕ್ ಹಾಕಿ, ಆಮೇಲೆ ವಾಲ್ವ್.

---

ಗಾಳಿಬ್ರೇಕ್

ಪರೀಕ್ಷೆಗೆ: ಎಂಜಿನ್ ಆಫ್ ಮಾಡಿ, ಬ್ರೇಕ್ ಬಿಟ್ಟು, ಗೇಜ್ ನೋಡಿ. ಉತ್ತರ ಅಮೆರಿಕದಲ್ಲಿ ಚಾಲಕರಿಗೆ ಕಲಿಸುವ ಲೆಕ್ಕ, ಟ್ರ್ಯಾಕ್ಟರ್-ಟ್ರೇಲರ್ ಜೋಡಿಗೆ ನಿಮಿಷಕ್ಕೆ 3 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಪೆಡಲ್ ಒತ್ತಿ ಹಿಡಿದಾಗ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಗಾಡಿ ನೇರ ನಿಂತಾಗ ಒಮ್ಮೆ, ಪೂರ್ತಿ ಎಡಕ್ಕೆ ಮಡಚಿ ಒಮ್ಮೆ, ಬಲಕ್ಕೆ ಒಮ್ಮೆ ನೋಡಿ. ನೇರ ಇದ್ದಾಗ ಸೋರದ ಪೈಪ್ ಮಡಚಿದಾಗ ಸೋರಿದರೆ ಬೆಣೆಯ ಹಿಂದಿನ ಸುತ್ತು ಗಿಡ್ಡವಾಗಿದೆ ಎಂದರ್ಥ. ಸೋಪಿನ ನೀರು ಮೊದಲು ಅಲ್ಲಿಗೆ ಹಚ್ಚಿ, ಪ್ಲೇಟ್ ಸೀಲ್‌ಗೆ ಆಮೇಲೆ.