ಲೇಸರ್ ಆಗಿ 18 ದಿನ: ಬಲಗಣ್ಣಿನ ಮಬ್ಬು ಇನ್ನೂ ಹೋಗಿಲ್ಲ

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನನಗೆ 57 ವರ್ಷ. ಹೈಸ್ಕೂಲಿನ ದಿನಗಳಿಂದಲೂ ಕನ್ನಡಕವಿದ್ದು, ಈಗ ಎರಡೂ ಕಣ್ಣಿಗೆ ಮೈನಸ್ 7 ಪವರ್ ಇದೆ. ಫೋರ್ಟಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ತಿಂಗಳು ಒಂದು ರಾತ್ರಿ ದೀಪ ಹಾಕದೆ ನೀರು ಕುಡಿಯಲು ಎದ್ದಾಗ, ಬಲಗಣ್ಣಿನ ಅಂಚಿನಲ್ಲಿ, ಹಳೆಯ ಟ್ಯೂಬ್‌ಲೈಟ್ ಹೊತ್ತಿಕೊಳ್ಳುವ ಮುನ್ನ ಮಿನುಗುವ ಹಾಗೆ ಎರಡು ಮೂರು ಸಲ ಬೆಳಕು ಮಿಂಚಿತು. ಮರುದಿನ ಲೋಕಲ್‌ನಲ್ಲಿ ಕುಳಿತಿದ್ದಾಗ ಅದೇ ಕಣ್ಣಿನೆದುರು ಮಸಿ ಉದುರಿದಂತೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಕನ್ನಡಕ ಕೊಳೆಯಾಗಿದೆಯೆಂದು ಭಾವಿಸಿ ಠಾಣೆಯಿಂದ ದಾದರ್ ಬರುವವರೆಗೂ ಅದನ್ನು ಒರೆಸುತ್ತಲೇ ಇದ್ದೆ.

ಅಂದು ಸಂಜೆ ನೇತ್ರತಜ್ಞರು ಪಾಪೆ ಹಿಗ್ಗಿಸುವ ಹನಿ ಹಾಕಿ ಪರೀಕ್ಷಿಸಿ, ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳು ಪದರ, ರೆಟಿನಾ) ಮೇಲ್ಭಾಗದಲ್ಲಿ ಕುದುರೆಲಾಳದ ಆಕಾರದ ಸೀಳು ಇದೆ, ಪಕ್ಕದ ಸಣ್ಣ ರಕ್ತನಾಳವೊಂದು ಹರಿದು ಸ್ವಲ್ಪ ರಕ್ತವೂ ಒಳಗೆ ಸೋರಿದೆ ಎಂದು ಹೇಳಿ, ಆಗಲೇ ಲೇಸರ್ ಮಾಡಿದರು. ಈಗ ನೋವಿಲ್ಲ, ಮಿಂಚೂ ಕಡಿಮೆಯಾಗಿದೆ. ಆದರೆ ಬಲಗಣ್ಣಿಗೆ ತೆಳುವಾದ ಹೊಗೆಯ ಹಿಂದಿನಿಂದ ನೋಡಿದಂತಾಗುತ್ತದೆ. ಪಟ್ಟಿಯಲ್ಲಿ 3 ಯಾವುದು, 8 ಯಾವುದು ಎಂದು ತಡವರಿಸುತ್ತೇನೆ. ಲೇಸರ್ ಫಲಿಸಲಿಲ್ಲವೇ? ಕನ್ನಡಕದ ಅಂಗಡಿಯವರು ಪವರ್ ಬದಲಾಗಿದೆ, ಹೊಸ ಗಾಜು ಹಾಕಿಸಿ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಕುಂದಾಪುರಕ್ಕೆ ಹೋಗುವುದೂ ಇದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಮಾಟುಂಗದಿಂದ)

ನಾನು ನಿವೃತ್ತ ನೇತ್ರವೈದ್ಯ. ನಿಮ್ಮ ಕಣ್ಣನ್ನು ನೋಡದೆ ಹೇಳುವ ಮಾತಿಗೆ ಮಿತಿ ಇದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ನಿಮಗೆ ಮಾಡಿದ ಲೇಸರ್ ದೃಷ್ಟಿಯನ್ನು ಹೆಚ್ಚಿಸುವ ಚಿಕಿತ್ಸೆಯಲ್ಲ, ಇರುವ ದೃಷ್ಟಿ ಹೋಗದಂತೆ ಕಟ್ಟುವ ಬೇಲಿ. ಕಣ್ಣುಗುಡ್ಡೆಯೊಳಗೆ ಸುಮಾರು 4 ಮಿಲಿಲೀಟರ್‌ನಷ್ಟು ಲೋಳೆಯಂಥ ವಸ್ತು ತುಂಬಿರುತ್ತದೆ. ವಯಸ್ಸಾದಂತೆ, ಮೈನಸ್ ಪವರ್ ಹೆಚ್ಚಿದ್ದವರಲ್ಲಿ ಇನ್ನೂ ಬೇಗ, ಅದು ನೀರಾಗಿ ಕುಗ್ಗಿ ಅಕ್ಷಿಪಟಲದಿಂದ ಬಿಟ್ಟುಕೊಳ್ಳುತ್ತದೆ. ಎಲ್ಲಾದರೂ ಬಿಗಿಯಾಗಿ ಅಂಟಿಕೊಂಡಿದ್ದರೆ ಆ ಜಾಗವನ್ನು ಎಳೆಯುತ್ತದೆ. ಎಳೆದಾಗ ಮಿಂಚು, ಹರಿದಾಗ ಸೀಳು. ಆ ಸೀಳಿನ ಮೂಲಕ ನೀರು ಅಕ್ಷಿಪಟಲದ ಹಿಂದಕ್ಕೆ ನುಗ್ಗಿದರೆ, ತೇವ ಹಿಡಿದ ಗೋಡೆಯಿಂದ ಸುಣ್ಣದ ಹೊಪ್ಪಳೆ ಏಳುವಂತೆ ಪಟಲವೇ ಕಿತ್ತುಕೊಳ್ಳುತ್ತದೆ. ಲೇಸರ್ ಸೀಳಿನ ಸುತ್ತ ಸಣ್ಣ ಸಣ್ಣ ಸುಟ್ಟ ಗುರುತುಗಳನ್ನು ಮೂಡಿಸುತ್ತದೆ, ಅವು ಗಾಯ ಮಾಯುವಾಗ ಹಿಂದಿನ ಪದರಕ್ಕೆ ಅಂಟಿಕೊಳ್ಳುತ್ತವೆ. ಆ ಅಂಟು ಗಟ್ಟಿಯಾಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. (ಲೇಸರ್ ಹುಟ್ಟುವುದಕ್ಕೂ ಮೊದಲು, 1940ರ ದಶಕದ ಕೊನೆಯಲ್ಲಿ, ಜರ್ಮನಿಯ ಮೇಯರ್-ಶ್ವಿಕೆರಾತ್ ಎಂಬ ವೈದ್ಯರು ಬಿಸಿಲನ್ನೇ ಕನ್ನಡಿಗಳಿಂದ ಕಣ್ಣಿನೊಳಗೆ ಹಾಯಿಸಿ ಇದೇ ಕೆಲಸ ಮಾಡಿದ್ದರು. ಗ್ರಹಣವನ್ನು ಬರಿಗಣ್ಣಿನಿಂದ ನೋಡಿದವರ ಅಕ್ಷಿಪಟಲದ ಸುಟ್ಟ ಕಲೆ ಅವರಿಗೆ ಈ ದಾರಿ ತೋರಿಸಿತ್ತು.)

ಹಾಗಾದರೆ ನಿಮ್ಮ ಮಬ್ಬು ಯಾವುದು? ನೀವು ಹೇಳಿದ್ದನ್ನು ನೋಡಿದರೆ, ಬಹುಮಟ್ಟಿಗೆ ಒಳಗೆ ಸೋರಿದ ಆ ರಕ್ತ. ಅದನ್ನು ದೇಹವೇ ನಿಧಾನವಾಗಿ ಹೀರಿಕೊಳ್ಳಬೇಕು. ಕೆಲವರಿಗೆ ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ತಲೆಯ ಕೆಳಗೆ ಎರಡು ದಿಂಬು ಇಟ್ಟು ಮಲಗಿದರೆ ರಕ್ತ ಕೆಳಕ್ಕೆ ಇಳಿಯಲು ಅನುಕೂಲ. ತೇಲುವ ಚುಕ್ಕೆಗಳಲ್ಲಿ ಕೆಲವು ಕಾಯಂ ಆಗಿಯೇ ಉಳಿಯಬಹುದು. ಮನಸ್ಸು ಅವುಗಳನ್ನು ಲೆಕ್ಕಿಸದಿರಲು ಕಲಿಯುತ್ತದೆ. ಕ್ಯಾರೆಟ್ ರಸದಿಂದಾಗಲಿ ಕಣ್ಣಿನ ವ್ಯಾಯಾಮದಿಂದಾಗಲಿ ಇದು ಬೇಗನೆ ತಿಳಿಯಾಗುವುದಿಲ್ಲ. ಹೊಗೆಯ ಹಿಂದಿನಿಂದ ಅಳೆದ ಪವರನ್ನು ನಂಬಿ ಗಾಜಿಗೆ ಹಣ ಹಾಕಬೇಡಿ, ಕಾಯಿರಿ.

ಒಂದು ವಿಷಯವನ್ನು ಮಾತ್ರ ಮರೆಯಬಾರದು. ಕಣ್ಣಿನೊಳಗೆ ಬಿಂಬ ತಲೆಕೆಳಗಾಗಿ ಬೀಳುತ್ತದೆ. ನಿಮ್ಮ ಸೀಳು ಮೇಲ್ಭಾಗದಲ್ಲಿರುವುದರಿಂದ, ಅಲ್ಲಿ ಪಟಲ ಬಿಟ್ಟುಕೊಂಡರೆ ನೆರಳು ನಿಮಗೆ ಕೆಳಗಿನಿಂದ ಏರುತ್ತಾ ಬಂದಂತೆ ಕಾಣುತ್ತದೆ. ಪ್ರತಿದಿನ ಬೆಳಿಗ್ಗೆ ಎಡಗಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ನಡುವೆ ದೃಷ್ಟಿ ನಿಲ್ಲಿಸಿ, ನಾಲ್ಕೂ ಮೂಲೆಗಳು ಕಾಣುತ್ತವೆಯೇ ಎಂದು ನೋಡಿರಿ. ಪರದೆ ಸರಿದಂಥ ನೆರಳು, ಹೊಸದಾಗಿ ಚುಕ್ಕೆಗಳ ಮಳೆ, ಅಥವಾ ಮಿಂಚು ಒಮ್ಮೆಲೆ ಹೆಚ್ಚುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ವೈದ್ಯರ ಬಳಿ ಹೋಗಬೇಕು. ಲೇಸರ್ ಆದ ಮೇಲೂ ಬೇರೆ ಕಡೆ ಹೊಸ ಸೀಳು ಬರುವುದುಂಟು. ಆದ್ದರಿಂದ ಎರಡನೆಯ ಕಣ್ಣನ್ನೂ ಪಾಪೆ ಹಿಗ್ಗಿಸಿ ನೋಡಿಸಿರಿ.

ಉತ್ತರ (ಪುಣೆಯಿಂದ)

ಕನ್ನಡಕ ಒರೆಸಿದ ದಿನವೇ ನೀವು ವೈದ್ಯರ ಬಳಿ ಹೋದದ್ದು ಎಷ್ಟು ದೊಡ್ಡ ಮಾತು ಎಂಬುದನ್ನು ನಮ್ಮ ಮನೆಯ ಅನುಭವದಿಂದ ಹೇಳುತ್ತೇನೆ. ನಮ್ಮ ಯಜಮಾನರು ಮುಲುಂಡಿನ ಅಕ್ಕನ ಮನೆಗೆ ಹೋಗಿದ್ದಾಗ ಇದೇ ಚುಕ್ಕೆಗಳು ಬಂದಿದ್ದವು. ವಯಸ್ಸಿಗೆ ಸಹಜ ಎಂದು ಎಂಟು ದಿನ ಸುಮ್ಮನಿದ್ದರು. ಒಂಬತ್ತನೆಯ ದಿನ ಕಿಟಕಿಯ ನೇರವಾದ ಸರಳುಗಳು ಬಾಗಿದಂತೆ ಕಂಡಾಗ ಅಕ್ಷಿಪಟಲ ನಡುಭಾಗದವರೆಗೂ ಬಿಟ್ಟುಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದರು.

ಆ ಗುಳ್ಳೆ ಇರುವಷ್ಟು ದಿನ ವಿಮಾನವಂತೂ ಇಲ್ಲವೇ ಇಲ್ಲ, ಘಾಟಿ ಹತ್ತಿ ಪುಣೆಗೆ ಬರುವುದಕ್ಕೂ ವೈದ್ಯರು ಒಪ್ಪಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ, ಒಳಗಿನ ಅನಿಲ ಹಿಗ್ಗಿ, ಕಣ್ಣಿನ ಒತ್ತಡ ಏರುತ್ತದಂತೆ. ಹೀಗಾಗಿ ಅವರು ಅಕ್ಕನ ಮನೆಯಲ್ಲೇ ಮುಖ ಕೆಳಗೆ ಮಾಡಿ ಮಲಗಿ ವಾರಗಟ್ಟಲೆ ಕಳೆದರು. ಮೊದಮೊದಲು ಏನೂ ಕಾಣುತ್ತಿರಲಿಲ್ಲ. ಬಳಿಕ ಮೇಲಿನಿಂದ ಬೆಳಕು ಬಂತು. ನಡುವೆ ತಂಬಿಗೆಯ ನೀರಿನ ಹಾಗೆ ತುಳುಕುವ ಗೆರೆ. ಆ ಗೆರೆ ದಿನದಿನಕ್ಕೆ ಇಳಿದು, ಕೊನೆಗೆ ಗೋಲಿಯಷ್ಟು ಗುಳ್ಳೆ ಕೆಳಗೆ ಉರುಳಾಡಿ, ಒಂದು ಬೆಳಿಗ್ಗೆ ಕಾಣಲೇ ಇಲ್ಲ. ಈಗ ಒಂದು ವರ್ಷ ಮೀರಿದೆ. ದೃಷ್ಟಿ ಬಂದಿದೆ, ಆದರೆ ಆ ಕಣ್ಣಿಗೆ ಸರಳುಗಳು ಇಂದಿಗೂ ತುಸು ಬಾಗಿಯೇ ಕಾಣುತ್ತವೆ. ನಿಮ್ಮ ಕಣ್ಣಿಗೆ ಅನಿಲ ತುಂಬಿಲ್ಲವಾದ್ದರಿಂದ ಈ ನಿರ್ಬಂಧ ನಿಮಗಿಲ್ಲ. ಆದರೂ ಕುಂದಾಪುರದ ಟಿಕೆಟನ್ನು ಮುಂದಿನ ತಪಾಸಣೆ ಮುಗಿದ ಮೇಲೆ ತೆಗೆಸಿರಿ.

ಉತ್ತರ (ಮಡಗಾಂವಿನಿಂದ)

ನನಗೂ ಮೂರು ವರ್ಷದ ಹಿಂದೆ ಲೇಸರ್ ಆಗಿತ್ತು. ಕಂಪ್ಯೂಟರ್ ನೋಡಿದರೆ ಸೀಳು ದೊಡ್ಡದಾಗುವುದಿಲ್ಲ ಎಂದು ನಮ್ಮ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಭಾರ ಎತ್ತುವುದನ್ನು ಮಾತ್ರ ಕೆಲವು ವಾರ ಬಿಡಿಸಿದ್ದರು. ಬಿಳಿ ಪರದೆಯ ಮೇಲೆ ಚುಕ್ಕೆಗಳು ಹೆಚ್ಚು ಕಾಡುತ್ತವೆ. ಹಿನ್ನೆಲೆಯನ್ನು ಕಪ್ಪು ಮಾಡಿಕೊಂಡು, ಅಕ್ಷರವನ್ನು ಒಂದು ಸುತ್ತು ದೊಡ್ಡದು ಮಾಡಿಕೊಂಡ ಮೇಲೆ ನನಗೆ ಕಚೇರಿಯ ಕೆಲಸ ಸಲೀಸಾಯಿತು.

ಪ್ರಶ್ನಿಸಿದವರು

ಮೂವರಿಗೂ ಕೃತಜ್ಞತೆಗಳು. ಹೊಸ ಗಾಜಿನ ಆರ್ಡರನ್ನು ನಿಲ್ಲಿಸಿದ್ದೇನೆ. ಇಂದು ಬೆಳಿಗ್ಗೆ ಕ್ಯಾಲೆಂಡರ್ ಪರೀಕ್ಷೆ ಮಾಡಿದೆ: ನಾಲ್ಕು ಮೂಲೆಗಳೂ ಕಂಡವು, ನಡುವಿನ ಸಾಲಿನ ಮೇಲೆ ಮಾತ್ರ ಹೊಗೆ ಅತ್ತಿತ್ತ ಸರಿಯುತ್ತಿತ್ತು. ಗುರುವಾರ ತಪಾಸಣೆ ಇದೆ. ಎಡಗಣ್ಣಿಗೂ ಹನಿ ಹಾಕಿಸುವುದರಿಂದ ಹಿಂದಿರುಗುವಾಗ ಲೋಕಲ್ ಹತ್ತಿಸಲು ಮಗನನ್ನು ಜೊತೆಗೆ ಬರಹೇಳಿದ್ದೇನೆ.