ಸಹಾಯ ಬೇಕು: ಮೂರು ದಿನ ಕಡಿಮೆ ಆದ್ರೆ ಇಎಸ್‌ಐ ನಿರುದ್ಯೋಗ ಹಣ ಸಿಗೋದಿಲ್ವಾ?

ನಮಸ್ಕಾರ ಎಲ್ಲರಿಗೂ. ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ನನ್ನದು. ಸಂಬಳ 17,500, ಇಎಸ್‌ಐ (ಕಾರ್ಮಿಕರ ವಿಮೆ) ವಂತಿಗೆ ಪ್ರತಿ ತಿಂಗಳೂ ಕಟ್ ಆಗುತ್ತದೆ. ಆರ್ಡರ್ ಇಲ್ಲ ಅಂತ ನಮ್ಮ ಆರು ಜನರಿಗೆ ಅಕ್ಟೋಬರ್ 31 ಕೊನೆಯ ದಿನ ಅಂದಿದ್ದಾರೆ. ನಾನು ಸೇರಿದ್ದು ಎರಡು ವರ್ಷದ ಹಿಂದೆ, ನವೆಂಬರ್ 4ಕ್ಕೆ. ಎರಡು ವರ್ಷಕ್ಕೆ ಮೂರೇ ದಿನ ಕಡಿಮೆ ಮಾರಾಯ್ರೆ!

ಕೆಲಸ ಹೋದವರಿಗೆ ಇಎಸ್‌ಐಯ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ 90 ದಿನದವರೆಗೆ ಸರಾಸರಿ ದಿನಗೂಲಿಯ ಅರ್ಧ ಕೊಡುತ್ತಾರೆ, ಅದೂ ಜೀವಮಾನದಲ್ಲಿ ಒಂದೇ ಸಲ. ಆದರೆ ಕೆಲಸ ಹೋಗುವ ಮುಂಚೆ ಎರಡು ವರ್ಷ ಇಎಸ್‌ಐಯಲ್ಲಿ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗೆ ಕನಿಷ್ಠ 78 ದಿನದ ವಂತಿಗೆ ಇರಬೇಕು ಅನ್ನುವ ಲೆಕ್ಕ ನನಗೆ ತೊಂದರೆ ಇಲ್ಲ, ಜೋರು ಮಳೆಯಲ್ಲೂ ರಜೆ ಹಾಕಿಲ್ಲ.

ಬಾಕಿ ಇರುವ ಆರು ದಿನದ ರಜೆ ಸೇರಿಸಿ ಕೊನೆಯ ದಿನ ಮುಂದಕ್ಕೆ ಹಾಕಿಸಿದರೆ ಆಗ್ತದಾ? ಮೊದಲು ಉಡುಪಿಯ ಹೋಟೆಲ್‌ನಲ್ಲಿ ಇದೇ ಇಎಸ್‌ಐ ನಂಬರಿನಲ್ಲಿ ಎಂಟು ತಿಂಗಳು ಇದ್ದೆ, ನಡುವೆ ಒಂದು ತಿಂಗಳು ಖಾಲಿ, ಅದು ಲೆಕ್ಕಕ್ಕೆ ಬರುತ್ತದಾ?

ಇನ್ನೊಂದು. ನಿನ್ನೆ ಸೂಪರ್‌ವೈಸರ್ 'ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ' ಅಂತ ಟೈಪ್ ಮಾಡಿದ ಕಾಗದ ತಂದು, ಸೈನ್ ಹಾಕಿದರೆ ಸೆಟಲ್‌ಮೆಂಟ್ ಬೇಗ ಆಗುತ್ತದೆ ಅಂದರು. ನಾನು ಸುಮ್ನೆ ಮಡಚಿ ಊಟದ ಬ್ಯಾಗಿಗೆ ಹಾಕಿಕೊಂಡು ಬಂದೆ, ಸೈನ್ ಹಾಕಿಲ್ಲ. ಹಾಕಿದರೆ ಕ್ಲೇಮ್ ಹೋದ ಹಾಗೆಯೇ ಅಲ್ವಾ? ಈ ಹಣ ತೆಗೆದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಸೋಮವಾರದ ಒಳಗೆ ಉತ್ತರ ಕೊಡಬೇಕು.